ಮಣಿಯ ಮೇಲಿನ ಬಣ್ಣ

"ಏನ್ರೀ ಮೇಸ್ತ್ರಿ, ಮುದಿ ಬಂದೂಕಿಗೆ ಸಿಂಗಾರ ಬೇರೆ ಮಾಡಿದ್ದೀರಿ!"

ಬಂದೂಕಿನಂಗಡಿಯವನು ರೈಫಲ್ಲನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನಕ್ಕ. ನಳಿಗೆಯ ತುದಿಯಲ್ಲಿ, ಗುರಿ ಹಿಡಿಯುವಾಗ ನೋಡುವ ಪುಟ್ಟ ಮಣಿಯ ಮೇಲೆ, ಒಂದು ಕೆಂಪು ಚುಕ್ಕೆಯಿತ್ತು.

"ನಾನ್ಯಾಕೆ ಬಣ್ಣ ಹಚ್ಲಿ?" ಮೇಸ್ತ್ರಿ ಅದನ್ನು ಮೂಗಿನ ಹತ್ತಿರ ತಂದರು, ದೂರ ಸರಿಸಿದರು. ಮೂವತ್ತು ವರ್ಷ ಲೇತ್ ಮುಂದೆ ನಿಂತು ಕೂದಲೆಳೆಯ ವ್ಯತ್ಯಾಸವನ್ನೂ ಬರಿಗಣ್ಣಲ್ಲೇ ಹಿಡಿದವರು. "ಕೆಂಪಗೆ ಏನೋ ಮಸುಕು ಮಸುಕು."

ಸೊಸೆ ಕಾಗದದ ಚೀಲ ಹಿಡಿದು ಸ್ಟೂಲಿನ ಮೇಲೆ ಕುಳಿತಿದ್ದಳು. ಮೇಸ್ತ್ರಿಗೆ ಕಣ್ಣಿನ ಡಾಕ್ಟರು ಸರ್ಟಿಫಿಕೇಟ್ ಕೊಟ್ಟಿರಲಿಲ್ಲ. ಅದಿಲ್ಲದೆ ಲೈಸೆನ್ಸ್ ಮುಂದುವರಿಯುವುದಿಲ್ಲ. ಶನಿವಾರಕ್ಕೆ ಅವಧಿ ಮುಗಿಯುತ್ತದೆ. ಅಷ್ಟರೊಳಗೆ ಮಾರಬೇಕು, ಇಲ್ಲವೇ ಪೊಲೀಸ್ ಠಾಣೆಗೆ ಒಪ್ಪಿಸಬೇಕು. "ಅಲ್ಲಿ ತುಕ್ಕು ಹಿಡಿಯೋದಕ್ಕಿಂತ ಯಾರ ಕೈಲಾದ್ರೂ ಇರ್ಲಿ" ಎಂದು ಬೆಳಿಗ್ಗೆ ಮೇಸ್ತ್ರಿಯೇ ಹೊರಟಿದ್ದರು.

"ನಿಂಗೇನಾದ್ರೂ ಗೊತ್ತೇನಮ್ಮ?"

"ಅದು ನನ್ನ ನೇಲ್ ಪಾಲಿಶ್, ಮಾವ. ಅವರು ಹಚ್ಚಿದ್ದು. ನಿಮಗೆ ಮಣಿ ಕಾಣ್ತಿಲ್ಲ ಅಂತ. ನಿಮ್ಮತ್ರ ಹೇಳ್ಬೇಡ ಅಂದಿದ್ರು."

ಎರಡು ವರ್ಷದ ಹಿಂದೆ, ಗುರಿ ತಪ್ಪುತ್ತಿದ್ದ ಮೇಸ್ತ್ರಿಯ ಗುಂಡು ಮತ್ತೆ ನಡುವೃತ್ತಕ್ಕೆ ಬೀಳತೊಡಗಿತ್ತು. ಮಣಿ ಕೆಂಪಗೆ ಮಿನುಗುವುದನ್ನು ಬಿಸಿಲಿನ ಹೊಳಪು ಅಂದುಕೊಂಡು, ರೈಫಲ್ ಕ್ಲಬ್ಬಿನಲ್ಲಿ ಕಂಡಕಂಡವರಿಗೆಲ್ಲ ಹೇಳಿದ್ದರು: "ದಿನಾ ಎರಡು ಹಸಿ ಕ್ಯಾರೆಟ್ ಕಣಯ್ಯಾ, ಹೋದ ಕಣ್ಣು ವಾಪಸ್ ಬಂತು!" ಪಕ್ಕದಲ್ಲಿ ದುರ್ಬೀನು ಹಿಡಿದು ಮಲಗಿ ಗುಂಡು ಬಿದ್ದ ಜಾಗ ಹೇಳುತ್ತಿದ್ದ ಮಗ, "ಹೌದಪ್ಪಾ, ಇನ್ನರ್ಧ ಕೆ.ಜಿ. ತರ್ತೀನಿ" ಅನ್ನುತ್ತಿದ್ದ. ಅವನು ಸತ್ತು ಎಂಟು ತಿಂಗಳು. ಆಮೇಲೆ ಮನೆಗೆ ಯಾರೂ ಕ್ಯಾರೆಟ್ ತಂದಿರಲಿಲ್ಲ.

"ಕ್ಯಾರೆಟ್ಟು" ಅಂದರು ಮೇಸ್ತ್ರಿ.

ಅಂಗಡಿಯವನು ಬಟ್ಟೆಯ ಚೂರನ್ನು ಥಿನ್ನರಿನಲ್ಲಿ ಅದ್ದಿದ. "ಎರಡೇ ನಿಮಿಷ, ಒರೆಸಿಬಿಡ್ತೀನಿ."

ಮೇಸ್ತ್ರಿಯ ಹೆಬ್ಬೆರಳು ಮಣಿಯನ್ನು ಮುಚ್ಚಿತು. "ಒರೆಸ್ಬೇಡ."

"ಮಾರಲ್ವಾ ಹಾಗಾದ್ರೆ? ಠಾಣೆಗೆ ಕೊಡ್ತೀರಾ?"

ಮೇಸ್ತ್ರಿ ಸೊಸೆಯತ್ತ ತಿರುಗಿದರು. "ಮನೇಲೇ ಇಟ್ಕೊಳ್ಳೋಕೆ ದಾರಿ ಏನೂ ಇಲ್ವೇನಮ್ಮ? ನೀನು ಓದಿದೋಳು."

ನಿಯಮದ ಹಾಳೆಯನ್ನು ಅವಳು ಹಿಂದೆ ಮುಂದೆ ಎರಡೂ ಕಡೆ ಓದಿದ್ದಳು. ಎರಡು ಆಫೀಸುಗಳಿಗೆ ಹೋಗಿ ಕೇಳಿದ್ದಳು.

"ಇಲ್ಲ ಮಾವ."

ಅಂಗಡಿಯವನ ಕೈಯಲ್ಲಿ ಬಟ್ಟೆ ಆರುತ್ತಿತ್ತು. ಅವನ ನಗು ಯಾವಾಗಲೋ ಹೋಗಿತ್ತು. "ನಾನಂತೂ ಒರೆಸಲ್ಲ ಮೇಸ್ತ್ರಿ. ಆದ್ರೆ ತಗೊಂಡೋನು ಒರೆಸಿದ್ರೆ ನಾನೇನ್ ಮಾಡ್ಲಿ, ಹೇಳಿ?"

ಹೆಬ್ಬೆರಳು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಮೇಸ್ತ್ರಿ ಕೈ ತೆಗೆದರು. ಅಂಗಡಿಯವನು ರೈಫಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹಿಂದಿನ ಬೀರುವಿನಲ್ಲಿ ನಿಲ್ಲಿಸಿ, ಮಾರಾಟದ ಕಾಗದ ತಂದು ಮುಂದಿಟ್ಟ.

ಪೆನ್ನು ಕಾಗದದ ಮೇಲೆ ಅಲ್ಲಿ ಇಲ್ಲಿ ತಡವರಿಸಿತು. ಸಹಿ ಹಾಕುವ ಗೆರೆ ಸಿಗಲಿಲ್ಲ. ಸೊಸೆ ಎದ್ದು ಬಂದು ಗೆರೆಯ ಪಕ್ಕದಲ್ಲಿ ತೋರುಬೆರಳು ಊರಿದಳು. ಉಗುರಿನಲ್ಲಿ ಬಣ್ಣವಿರಲಿಲ್ಲ.

"ಇಲ್ಲಿ ಮಾವ."

ಮೇಸ್ತ್ರಿ ಎಡಗಣ್ಣು ಮುಚ್ಚಿ, ಉಸಿರು ಹಿಡಿದು, ಪೆನ್ನಿನ ಮೊನೆಯನ್ನು ನಿಧಾನವಾಗಿ ಆ ಉಗುರಿನ ಕಡೆಗೆ ತಂದರು.