ಹೆಬ್ಬೆರಳಿನ ಕುಳಿ

ಓವನ್ನಿನ ಮುಳ್ಳು ಎಂಬತ್ತು ಡಿಗ್ರಿ ದಾಟಿತ್ತು. ನೂರಾ ಮೂವತ್ತಕ್ಕೆ ಬಂದರೆ ತಂಗಿ ಟ್ರೇ ಒಳಗಿಡುತ್ತಾಳೆ, ಅರ್ಧ ಗಂಟೆಯಲ್ಲಿ ಅಕ್ಕನ ಸುಳ್ಳು ಗಟ್ಟಿಯಾಗುತ್ತದೆ. ಆಮೇಲೆ ಅದು ಪದಕವಾಗಿ ತಂಗಿಯ ಕೊರಳಲ್ಲಿ ಇರುವಷ್ಟು ದಿನವೂ ತೂಗಾಡುತ್ತದೆ.

ಸುಳ್ಳು ಎಂದರೆ ಬಾಯಿಬಿಟ್ಟು ಹೇಳಿದ್ದಲ್ಲ, ಹೇಳದೆ ಬಿಟ್ಟದ್ದು. ಅದಕ್ಕೆ ಇನ್ನೂ ಕಡಿಮೆ ಧೈರ್ಯ ಸಾಕು.

ಅಮ್ಮ ಪಾಲಿಮರ್ ಕ್ಲೇ ಎಂಬ, ಬಿಸಿಗೆ ಗಟ್ಟಿಯಾಗುವ ಬಣ್ಣದ ಮಣ್ಣಿನಲ್ಲಿ ಓಲೆ, ಮಣಿ, ಪದಕ ಮಾಡುತ್ತಿದ್ದವಳು. ಉಗುರಿನಷ್ಟು ಚೂರನ್ನೂ ಎಸೆಯಲು ಬಿಡುತ್ತಿರಲಿಲ್ಲ. ಓವನ್ನಿಗೆ ಹೋಗದ ಕ್ಲೇ ವರ್ಷಗಟ್ಟಲೆ ಮೆತ್ತಗೇ ಇರುತ್ತದೆ; ಹಾಗಾಗಿ ಕೆಲಸ ಮುಗಿದ ಮೇಲೆ ಮೇಜಿನ ಮೇಲೆ ಉಳಿದ ಅಷ್ಟೂ ಬಣ್ಣದ ಚೂರುಗಳನ್ನು ಒಟ್ಟುಮಾಡಿ, ನಾದಿ, ಒಂದು ಉಂಡೆ ಕಟ್ಟಿ ಡಬ್ಬಿಗೆ ಹಾಕುವುದು ಮನೆಯ ಪದ್ಧತಿ. ಆ ಕೆಲಸ ಅಕ್ಕನದು. ಹತ್ತನೇ ವಯಸ್ಸಿನಿಂದ ಮಾಡಿ ಮಾಡಿ ಅವಳ ಕೈಗೆ ತಲೆಯ ಅಪ್ಪಣೆಯೇ ಬೇಕಿರಲಿಲ್ಲ.

ಅಮ್ಮ ತೀರಿಕೊಂಡ ಮರುದಿನ ಅಕ್ಕ ಆ ಮೇಜಿನ ಮುಂದೆ ಕೂತಳು. ಹದ ನೋಡಲು ಅಮ್ಮ ಕೊನೆಯ ಸಲ ಹೆಬ್ಬೆರಳು ಒತ್ತಿದ್ದ ನೀಲಿ ತುಂಡು ಅಲ್ಲೇ ಇತ್ತು, ಗೆರೆಗೆರೆಯೂ ಎದ್ದು ಕಾಣುತ್ತಿತ್ತು. ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಕೈ ಮಾತ್ರ ತನ್ನ ಪಾಡಿಗೆ ಚೂರುಗಳನ್ನು ಎಳೆದುಕೊಂಡಿತು, ನಾದಿತು. ಕಣ್ಣೊರೆಸಿಕೊಂಡು ನೋಡಿದರೆ ಅಂಗೈಯಲ್ಲೊಂದು ಉಂಡೆ. ನೀಲಿ ತುಂಡು ಅದರಲ್ಲಿ ಸೇರಿಹೋಗಿತ್ತು. ಏನು ಮಾಡುತ್ತಿದ್ದೇನೆಂದು ಹೊಳೆಯುವ ಮೊದಲೇ ತನ್ನ ಹೆಬ್ಬೆರಳನ್ನೇ ಉಂಡೆಗೆ ಒತ್ತಿಬಿಟ್ಟಳು.

ಹಾಳಾದ್ದು, ತಂಗಿ ಬಂದದ್ದೂ ಆಗಲೇ.

"ಇದು ಅಮ್ಮನ ಬೆರಳಲ್ವಾ?" ಎಂದು ಅವಳು ಉಂಡೆಯನ್ನು ಮೆಲ್ಲಗೆ ಎತ್ತಿಕೊಂಡಳು. ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ.

ಅಲ್ಲಿಂದ ಮೂರು ವರ್ಷ. ಮನಸ್ಸು ಕೆಟ್ಟಾಗಲೆಲ್ಲ ತಂಗಿ ಡಬ್ಬಿ ತೆರೆದು ಆ ಕುಳಿಯನ್ನು ನೋಡುತ್ತಾ ಕೂರುತ್ತಿದ್ದಳು. ಅಳಿಸಿಹೋದೀತೆಂದು ಮುಟ್ಟುತ್ತಲೂ ಇರಲಿಲ್ಲ. ನಾಳೆ ಹೇಳಿದರಾಯಿತು ಎಂದು ಅಕ್ಕ ದಿನವೂ ಅಂದುಕೊಂಡಳು.

ಇವತ್ತು ತಂಗಿ ಕುಳಿಯ ಸುತ್ತ ಬ್ಲೇಡಿನಿಂದ ದುಂಡಗೆ ಕತ್ತರಿಸಿ, ದಾರಕ್ಕೆ ತೂತು ಮಾಡಿ, ಟ್ರೇ ಮೇಲಿಟ್ಟು ಕಾಯುತ್ತಿದ್ದಾಳೆ. ಮುಳ್ಳು ನೂರಾ ಹತ್ತು.

"ಯಾಕಕ್ಕ ಹೀಗೆ ಬೆವರ್ತಿದೀಯ?"

"ಓವನ್ ಬಿಸಿಗೆ."

"ಸೀದುಹೋಗುತ್ತೆ ಅಂತ ಭಯಾನಾ? ನನಗೂ ಇದೆ. ಆದ್ರೆ ಹೀಗೇ ಬಿಟ್ರೆ ಯಾವತ್ತೋ ಒಂದಿನ ನೀನೇ ಇದನ್ನ ನಾದಿಬಿಡ್ತೀಯ. ನಿನ್ನ ಕೈ ಸುಮ್ನಿರಲ್ಲ."

ತಮಾಷೆಗೆ ಅಂದದ್ದು. ಅಕ್ಕ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಮುಳ್ಳು ನೂರಾ ಮೂವತ್ತು ಮುಟ್ಟಿತು. ತಂಗಿ ಟ್ರೇ ಒಳಗಿಟ್ಟು ಬಾಗಿಲು ಮುಚ್ಚಿದಳು. ಗಾಜಿನಾಚೆ ಪದಕ ಕಾಣುತ್ತಿತ್ತು. ಅಕ್ಕ, ಇನ್ನೂ ಮೆತ್ತಗಿದೆ, ಇನ್ನೂ ಸಮಯವಿದೆ ಎಂದು ಸಮಾಧಾನ ಹೇಳಿಕೊಳ್ಳುತ್ತಲೇ ಒಂದು ನಿಮಿಷ ಕಳೆದಳು.

"ಹೊರಗೆ ತೆಗಿ," ಎಂದಳು ಕೊನೆಗೆ.

"ಈಗ ತಾನೇ ಇಟ್ಟೆ."

"ತೆಗಿ. ಅದು ಅಮ್ಮನ ಬೆರಳಲ್ಲ. ನಂದು."

ಒಂದೇ ಉಸಿರಿಗೆ ಎಲ್ಲ ಹೇಳಿದಳು. ತಂಗಿ ಬಟ್ಟೆ ಹಿಡಿದು ಟ್ರೇ ಹೊರಗೆಳೆದಳು. ಕೂಗಾಡಲಿಲ್ಲ. ಎರಡು ಬೈದಿದ್ದರೂ ಅಕ್ಕ ಬದುಕಿಕೊಳ್ಳುತ್ತಿದ್ದಳು.

"ಮೂರು ವರ್ಷ ನಿನ್ನ ಬೆರಳು ನೋಡ್ಕೊಂಡು ಅತ್ತೆನಾ ನಾನು?"

"ಹೂಂ," ಎಂದಳು ಅಕ್ಕ.

"ಆಯ್ತು. ಅಮ್ಮಂದು ಹೇಗಿತ್ತು ಹೇಳು. ನಿಜವಾದ್ದನ್ನ ನೋಡಿದವಳು ನೀನೊಬ್ಳೇ. ಅಗಲ ಇತ್ತಾ? ಗೆರೆ ಯಾವ ಕಡೆ ತಿರುಗಿತ್ತು? ಅಷ್ಟಾದ್ರೂ ಹೇಳು."

ಅಕ್ಕ ಕಣ್ಣು ಮುಚ್ಚಿದಳು. ಅಮ್ಮನ ಗದರಿಕೆ ನೆನಪಿಗೆ ಬಂತು, ನಡಿಗೆ ಬಂತು, ಬ್ಲೇಡು ಹಿಡಿಯುವ ರೀತಿ ಬಂತು. ಹೆಬ್ಬೆರಳೆಂದರೆ ಮಾತ್ರ ಟ್ರೇ ಮೇಲಿದ್ದ ಆ ಕುಳಿಯೇ ಬರುತ್ತಿತ್ತು. ತಂಗಿಯ ಜೊತೆ ಕೂತು ಮೂರು ವರ್ಷ ಅವಳೂ ಅದನ್ನೇ ನೋಡಿದ್ದಳು.

"ನನಗೂ ಗೊತ್ತಿಲ್ಲ ಕಣೇ," ಎಂದಳು ಅಕ್ಕ.