ನಾಲ್ಕು ಬೆರಳಿನ ಹೆಜ್ಜೆ

"ಯಾವ ಮುಂಡೇದು ಈ ಹೆಜ್ಜೆ?"

ಮ್ಯಾನೇಜರು ಮೂರನೇ ಮಹಡಿಯ ಕಕ್ಕಸಿನ ಬಾಗಿಲಲ್ಲಿ ನಿಂತು ನೆಲ ತೋರಿಸಿದರು. ಆಫೀಸಿನ ಹೆಂಗಸರ ಕಕ್ಕಸು ಅದು. ತೊಳೆಯುವುದು ನಾವು, ಕೂರುವುದು ಅವರು. ನಮಗೆ ಕಾಂಪೌಂಡಿನ ಹಿಂದೆ ಬಾಗಿಲಿಲ್ಲದ ಒಂದು ತಗಡಿನ ಮರೆ. ಚಪ್ಪಲಿ ಹೊರಗೆ ಬಿಟ್ಟು, ಒಳಗಿನಿಂದ ಒರೆಸುತ್ತ ಹಿಂದಹಿಂದಕ್ಕೆ ಬಂದು ಹೊರಬೀಳಬೇಕು. ನಾವು ಬಂದಿದ್ದೆವು ಎನ್ನುವ ಗುರುತೇ ಉಳಿಯಕೂಡದು. ಅವತ್ತು ಒರೆಸಿದ ನೆಲದ ಮೇಲೆ ಒಂದು ಬರಿಗಾಲು ಒಳಗೆ ಹೋಗಿ ಹೊರಗೆ ಬಂದಿತ್ತು.

ಹೆಜ್ಜೆಗೆ ಕಿರುಬೆರಳಿರಲಿಲ್ಲ. ಅದು ನನ್ನ ಅಕ್ಕನ ಕಾಲು. ಆ ಬೆರಳು ಹೋದದ್ದು ನಾನು ತಳ್ಳುತ್ತಿದ್ದ ಕಸದ ಗಾಡಿಯ ಚಕ್ರಕ್ಕೆ ಸಿಕ್ಕಿ. ತಾನೇ ಎಡವಿ ಬಿದ್ದೆ ಎಂದು ಸುಳ್ಳು ಹೇಳಿ ಅಕ್ಕ ಅಂದು ನನ್ನ ಕೆಲಸ ಉಳಿಸಿದ್ದಳು. ಈಗ ನಾನು ಅಕ್ಕನೂ ಸೇರಿ ಒಂಬತ್ತು ಹೆಂಗಸರ ಮೇಲೆ ಸೂಪರ್‌ವೈಸರು, ಕಾಲಿಗೆ ಕಂಪನಿ ಕೊಟ್ಟ ಬೂಟು.

ನೆಲ ಒರೆಸುವ ಕೋಲು ನನ್ನ ಕೈಯಲ್ಲೇ ಇತ್ತು. ಒಂದು ಸಲ ಎಳೆದಿದ್ದರೆ ಸಾಕಿತ್ತು. ಎಳೆಯಲಿಲ್ಲ.

ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕಾಲು ಒದ್ದೆ ಮಾಡಿಸಿ, ಆ ಹೆಜ್ಜೆಯ ಪಕ್ಕ ಒಬ್ಬೊಬ್ಬರದೇ ಅಳತೆ ನೋಡು ಎಂದರು ಮ್ಯಾನೇಜರು. ಆಯ್ತು ಸಾರ್ ಎಂದೆ. ಬಕೆಟ್ಟನ್ನೂ ನಾನೇ ತಂದಿಟ್ಟೆ. ಮೊದಲನೆಯವಳು ಕಾಲೆತ್ತುವಷ್ಟರಲ್ಲಿ ಅಕ್ಕ ಮುಂದೆ ಬಂದಳು.

"ನಂದೇ ಸಾರ್. ಹೊಟ್ಟೆ ಕೆಟ್ಟಿತ್ತು, ಹಿಂದ್ಗಡೆ ಮರೆತನಕ ತಡ್ಕೊಳಕ್ಕಾಗ್ಲಿಲ್ಲ."

"ತೊಳೆಯೋ ನೀವೇ ಕೂತ್ಬಿಟ್ರೆ ಕೂರೋರು ತೊಳೀಬೇಕೇನೇ?"

ತಮ್ಮ ಮಾತಿಗೆ ತಾವೇ ನಕ್ಕರು. ನಾನೂ ನಕ್ಕೆ. ಹಲ್ಲು ಕಿರಿದೆ ಎನ್ನುವುದೇ ಸರಿ. ಅಕ್ಕ ನನ್ನ ಬೂಟು ನೋಡುತ್ತ ನಿಂತಿದ್ದಳು. ನಾಳೆಯಿಂದ ಬರಬೇಡ ಎಂದು ಅವಳಿಗೆ ಹೇಳುವ ಕೆಲಸವನ್ನೂ ನನಗೇ ವಹಿಸಿದರು.

ಇದು ಸೋಮವಾರ. ಶುಕ್ರವಾರ ಕಂಪನಿಯಲ್ಲಿ 'ಎಲ್ಲರೂ ನಮ್ಮವರೇ' ಎಂಬ ಕಾರ್ಯಕ್ರಮವಿತ್ತು. ದೊಡ್ಡ ಆಫೀಸಿನಿಂದ ಮೇಡಂ ಬರುವವರಿದ್ದರು. ಪೊರಕೆ ಹಿಡಿದು ಬಂದವಳು ಸೂಪರ್‌ವೈಸರ್ ಆದ ಕಥೆಯನ್ನು ನಾನು ಹೇಳಬೇಕು. ಮ್ಯಾನೇಜರೇ ಬರೆದುಕೊಟ್ಟಿದ್ದರು.

ಮನೆಯಲ್ಲಿ ಗಿಣಿಪಾಠ ಮಾಡುತ್ತಿದ್ದರೆ ಅಕ್ಕ ಪಾತ್ರೆ ತಿಕ್ಕುತ್ತ ಕೇಳಿಸಿಕೊಂಡಳು. ಬೈದಿದ್ದರೆ ಹಗುರವಾಗುತ್ತಿದ್ದೆ. ಅವಳು ಬೈಯಲಿಲ್ಲ.

"ಇಲ್ಲಿ ಮೇಲು ಕೀಳಿಲ್ಲ, ಅದಕ್ಕೆ ನಾನೇ ಸಾಕ್ಷಿ ಅಂತ ಬರತ್ತಲ್ಲ, ಅಲ್ಲಿ ಸ್ವಲ್ಪ ನಿಧಾನಕ್ಕೆ ಹೇಳೇ. ನಿಂಗೆ ಗಂಟಲು ಕಟ್ಟತ್ತೆ."

ಕಾರ್ಯಕ್ರಮ ಅದೇ ಮೂರನೇ ಮಹಡಿಯ ಹಾಲಿನಲ್ಲಿ. ಮೇಡಂ ಒಳ್ಳೆಯವರು. ನನ್ನ ಕೈ ಹಿಡಿದು, ನಾವೆಲ್ಲ ನಿಮ್ಮ ಜೊತೆಗಿದ್ದೇವೆ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಉಳಿದ ಎಂಟು ಹೆಂಗಸರು ಗೋಡೆಗೆ ಒರಗಿ ನಿಂತಿದ್ದರು. ಕುರ್ಚಿ ಖಾಲಿಯಿದ್ದರೂ ಅವರಿಗೆ ಕೂರಿ ಎಂದವರಿಲ್ಲ. ಮೈಕಿನ ಮುಂದೆ ಮೊದಲೆಲ್ಲ ಸರಾಗವಾಗಿ ಬಂತು. "ಅದಕ್ಕೆ ನಾನೇ" ಎಂದವಳಿಗೆ ಮುಂದಿನ ಮಾತು ಹೊರಡಲಿಲ್ಲ. ಅಕ್ಕ ಹೇಳಿದಂತೆಯೇ ಗಂಟಲು ಕಟ್ಟಿತು. ಪಾಪ, ಉಮ್ಮಳಿಸಿ ಬಂತು ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ವೇದಿಕೆಯಿಂದ ಕೆಳಗಿಳಿದೆ. ಹಾಲು ದಾಟಿ ಆ ಕಕ್ಕಸಿನ ಮುಂದೆ ಬೂಟು ಕಳಚಿಟ್ಟೆ. ಒಳಗೆ ಹೋದೆ, ಕೂತೆ, ನೀರು ಹಾಕಿದೆ. ಬರುವಾಗ ಅಲ್ಲಿದ್ದ ಬಕೆಟ್ಟಿನಲ್ಲಿ ಕಾಲದ್ದಿದೆ. ಹಾಗೇ ಹೊಳೆಯುವ ಕರಿಕಲ್ಲಿನ ಮೇಲೆ ನಡೆದು ವೇದಿಕೆಯ ಮುಂದೆ ಬಂದು ನಿಂತೆ.

ಒರೆಸಿ ಎಂದು ಮ್ಯಾನೇಜರು ಹೆಂಗಸರಿಗೆ ಸನ್ನೆ ಮಾಡಿದರು. ಎಂಟು ಜನರಲ್ಲಿ ಒಬ್ಬಳೂ ಅಲ್ಲಾಡಲಿಲ್ಲ.

"ಕಕ್ಕಸಿಗೆ ಹೋಗಿದ್ದೆ ಸಾರ್. ಹೆಜ್ಜೆ ನಂದೇ. ಅಳತೆ ತಗೊಳ್ಳಿ."

ಮೇಡಂ ಏನೂ ಅರ್ಥವಾಗದೆ ಮ್ಯಾನೇಜರ ಮುಖ ನೋಡಿದರು. ನಾನು ನೆಲ ನೋಡಿದೆ. ಸೋಮವಾರ ಇಡಬೇಕಿದ್ದ ಹೆಜ್ಜೆಗಳು ಬಾಗಿಲಿನಿಂದ ನನ್ನವರೆಗೂ ಬಿದ್ದಿದ್ದವು. ಒಂದೊಂದರಲ್ಲೂ ಐದೈದು ಬೆರಳಿದ್ದವು.