ತೊಯ್ದ ಮದ್ದು

ಕಿಟ್ ಎಂದು ಒಂದು ಸಣ್ಣ ಸದ್ದಾಯಿತು. ಬಸವಣ್ಣೆಮ್ಮ ಕಣ್ಣು ತೆರೆದಳು. ಇಲಿಯ ಸದ್ದಲ್ಲ, ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಮಕ್ಕಳಿಬ್ಬರೂ ಒಂದೇ ಕೌದಿಯೊಳಗೆ ನಿದ್ದೆಯಲ್ಲಿದ್ದರು. ಗಂಡನ ಹಾಸಿಗೆ ಖಾಲಿಯಿತ್ತು. ಪಡಸಾಲೆಯಲ್ಲಿ ಬುಡ್ಡಿಯ ಬೆಳಕಿಗೆ ಅಮರಗುಂಡಪ್ಪ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ಇಷ್ಟೊತ್ತಿನಾಗ ಏನ್ ಮಾಡಾಕತ್ತೀರಿ?”

“ಹೊಸಾ ಕೇಪು ಹಾಕೀನಿ. ನೀ ಮಕ್ಕೋ ಹೋಗು.”

“ಒಲಿ ಮ್ಯಾಲಿಂದ ಅದನ್ಯಾಕ ಇಳಿಸಿದ್ರಿ?”

“ಗೊರೇಬಾಳದಾಗ ಮೊನ್ನೆ ಮನಿ ಒಡದಾರ, ಕೇಳಿಲ್ಲೇನು?”

ಬಳಗಾನೂರಿಗೆ ಆ ಬಂದೂಕು ಬಂದು ನಾಲ್ಕು ವರ್ಷವಾಗಿತ್ತು. ರಜಾಕಾರರ ಗಲಾಟೆಯ ಕಾಲದಲ್ಲಿ ಅಮರಗುಂಡಪ್ಪ ಹೆಂಗಸರು ಮಕ್ಕಳನ್ನೆಲ್ಲ ಹೊಳೆ ದಾಟಿಸಲು ಹೋಗಿದ್ದಾಗ, ಮನೆ ಕಾಯಲು ಉಳಿದ ಅವನ ಅಣ್ಣನನ್ನು ದರೋಡೆಕೋರರು ಹೊಸ್ತಿಲಲ್ಲೇ ಹೊಡೆದು ಹಾಕಿದ್ದರು. ಆ ಹೆದರಿಕೆಗೇ ಅಮರಗುಂಡಪ್ಪ ಈ ಬಂದೂಕನ್ನು ಕೊಂಡು ತಂದಿದ್ದ. ಆಮೇಲೆ ಮಿಲ್ಟ್ರಿ ಬಂತು, ನಿಜಾಮನ ಆಳಿಕೆ ಹೋಯಿತು, ಬಂದೂಕು ಇದ್ದವರು ತಂದು ಒಪ್ಪಿಸಬೇಕೆಂದು ಡಂಗುರವೂ ಆಯಿತು. ಅಮರಗುಂಡಪ್ಪ ಒಪ್ಪಿಸಲಿಲ್ಲ. ಊರಿನವರೂ ಬಾಯಿ ಬಿಡಲಿಲ್ಲ. ವರ್ಷಕ್ಕೊಮ್ಮೆ ಮಹಾನವಮಿಗೆ ಅದನ್ನು ಕುಡುಗೋಲು ಕೊಡಲಿಗಳ ಜೊತೆ ಪೂಜೆಗಿಟ್ಟು, ಮರುದಿನ ಬನ್ನಿ ಮುಡಿದು ಬರುವಾಗ ಆಕಾಶಕ್ಕೊಂದು ಗುಂಡು ಹಾರಿಸುವುದು ಆ ಓಣಿಯ ಸಂಭ್ರಮವೇ ಆಗಿಬಿಟ್ಟಿತ್ತು.

ಈ ಸಲ ಬನ್ನಿಯ ದಿನ ಮಳೆ ಹಿಡಿದು ಮದ್ದೂ ಅದಕ್ಕೆ ಕಿಡಿ ಕೊಡುವ ಕೇಪೂ ತೊಯ್ದವು. ಬಂದೂಕಿನ ಕುದುರೆ ಎಳೆದರೆ ಟಕ್ ಎಂದಿತೇ ಹೊರತು ಗುಂಡು ಹಾರಲಿಲ್ಲ. ಪಕ್ಕದ ಮನೆಯ ಶಾಮೀದಸಾಬ, “ಗುಂಡಪ್ಪಣ್ಣ, ನಿನ್ನ ಬಂದೂಕಿಗೆ ನೆಗಡಿ ಬಂದೈತಿ, ಕಷಾಯ ಕುಡಸೋ!” ಎಂದ. ಓಣಿಯೆಲ್ಲ ನಕ್ಕಿತು. ಏಳು ವರ್ಷದ ಮಗ ಮರಿಸ್ವಾಮಿ ತಾನೂ ಎಳೆಯುತ್ತೇನೆಂದು ಹಟ ಹಿಡಿದಾಗ ಅಪ್ಪ ಬಂದೂಕನ್ನು ಅವನ ಕೈಗೂ ಕೊಟ್ಟ. ಟಕ್. ಮತ್ತೆ ನಗು. ತುಂಬಿದ ಮದ್ದು ಮಾತ್ರ ನಳಿಗೆಯೊಳಗೇ ಉಳಿಯಿತು.

ಮಕ್ಕಳ ಕೈಗೆ ಎಟುಕದಿರಲೆಂದು ಬಸವಣ್ಣೆಮ್ಮ ಅದನ್ನು ಒಲೆಯ ಮೇಲಿನ ಗೂಟಕ್ಕೆ, ಬೀಜದ ಜೋಳದ ತೆನೆಗಳ ಪಕ್ಕ, ನೇತುಹಾಕಿದ್ದಳು. ಮನೆಯಲ್ಲಿ ಅದಕ್ಕಿಂತ ಎತ್ತರದ ಜಾಗವಿರಲಿಲ್ಲ. ದಿನಾ ಎರಡು ಹೊತ್ತು ಏಳುವ ಒಲೆಯ ಕಾವು ತೆನೆಯನ್ನು ಒಣಗಿಸುವ ಹಾಗೆಯೇ ನಳಿಗೆಯೊಳಗಿನ ಮದ್ದನ್ನೂ ಒಣಗಿಸುತ್ತದೆ ಎಂಬುದು ಅವಳಿಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ.

“ಒಳಗಿನ ಮದ್ದು ತಗೀರಿ ಅಂತ ಎಷ್ಟು ಸಲ ಹೇಳೀನಿ,” ಎಂದಳು.

“ತೊಯ್ದ ಮದ್ದು ಏನ್ ಮಾಡತೈತಬೇ? ಬರೇ ತೋರಿಸಿದ್ರ ಸಾಕು, ಕಳ್ಳ ಓಡತಾನ.”

“ಬರೇ ತೋರಿಸಾಕ ಕೇಪು ಯಾಕ ಬೇಕು?”

ಅವನು ಬಂದೂಕನ್ನು ಬಾಗಿಲ ಮೂಲೆಗೆ ಒರಗಿಸಿದ. “ಅಣ್ಣ ಸತ್ತಾಗ ಈ ಮನ್ಯಾಗ ಒಂದು ಬಡಿಗಿ ಬಿಟ್ರ ಏನೂ ಇರಲಿಲ್ಲ. ನಾನೂ ಇರಲಿಲ್ಲ. ಅದು ನಿನಗ ತಿಳಿಯಂಗಿಲ್ಲ.”

“ತಿಳೀತೈತ್ರಿ. ಸಣ್ಣ ಮಕ್ಕಳ ಮನಿ, ಅದಕ್ಕ ಹೇಳಾಕತ್ತೀನಿ.”

“ನಾಳಿ ತಗೀತೀನಿ, ಆತಿಲ್ಲೋ? ಮಕ್ಕೋ ಹೋಗು.”

ಬೆಳಿಗ್ಗೆ ಬಂದೂಕು ಬಾಗಿಲ ಮೂಲೆಯಲ್ಲಿ ನಿಂತಿತ್ತು. ಬಸವಣ್ಣೆಮ್ಮ ನೋಡಿದಳು. ಕೈತುಂಬ ಹಿಟ್ಟಿತ್ತು; ರೊಟ್ಟಿ ಮುಗಿದ ಮೇಲೆ ಗೂಟಕ್ಕೆ ಹಾಕಿದರಾಯಿತು ಎಂದುಕೊಂಡಳು. ಗಂಡ ಹಿತ್ತಲಿನ ಕೊಟ್ಟಿಗೆಯಲ್ಲಿ ಎತ್ತುಗಳಿಗೆ ಮೇವು ಹಾಕುತ್ತಿದ್ದ. ರೊಟ್ಟಿ ಮುಗಿಯಿತು. ಹೆಪ್ಪಿಗೆ ಒಂದಿಷ್ಟು ಮಜ್ಜಿಗೆ ತರಲು ಅವಳು ಶಾಮೀದಸಾಬನ ಮನೆಗೆ ಹೋದಳು. ಅವನ ಹೆಂಡತಿ ಜೈನಾಬೀ ಬಟ್ಟಲು ತುಂಬುತ್ತಿದ್ದಳು. ಗೋಡೆಯಾಚೆಯಿಂದ ಮರಿಸ್ವಾಮಿಯ ದನಿ ಕೇಳಿತು: “ನೋಡು ಶೇಖವ್ವಾ, ಇದಕ್ಕ ನೆಗಡಿ ಬಂದೈತಿ!” ನಾಲ್ಕು ವರ್ಷದ ಮಗಳು ಶೇಖರಮ್ಮನ ಕಿಲಕಿಲ ನಗು ಕೇಳಿತು.

ಆಮೇಲೆ ಸಿಡಿದ ಸದ್ದು.

ಬಸವಣ್ಣೆಮ್ಮ ಹೇಗೆ ಓಡಿಬಂದಳೋ. ಪಡಸಾಲೆಯ ತುಂಬ ಹೊಗೆ. ಬೀಸುಕಲ್ಲಿನ ಪಕ್ಕದಲ್ಲಿ ಶೇಖರಮ್ಮ ಬಿದ್ದಿದ್ದಳು. ಬಂದೂಕು ಇನ್ನೂ ಮರಿಸ್ವಾಮಿಯ ಕೈಯಲ್ಲೇ ಇತ್ತು.

“ಅವ್ವಾ, ಟಕ್ ಅನಲಿಲ್ಲ,” ಎಂದ.

ಅವಳು ಬಂದೂಕನ್ನು ಕಿತ್ತು ಎಸೆದು, ಅವನನ್ನು ಅಡುಗೆಮನೆಗೆ ನೂಕಿ ಬಾಗಿಲು ಎಳೆದುಕೊಂಡಳು. ಯಾಕೆ ಹಾಗೆ ಮಾಡಿದಳೆಂದು ಅವಳಿಗೇ ತಿಳಿಯಲಿಲ್ಲ. ಕೊಟ್ಟಿಗೆಯಿಂದ ಗಂಡ, ಓಣಿಯಿಂದ ಜೈನಾಬೀ ಓಡಿಬರುವಷ್ಟರಲ್ಲಿ ಮಗಳು ಅವಳ ಮಡಿಲಲ್ಲಿದ್ದಳು. “ಹೆಂಗಾತವ್ವಾ, ಹೆಂಗಾತು?” ಎಂದು ಜೈನಾಬೀ ಎದೆ ಬಡಿದುಕೊಂಡಳು. ಬಸವಣ್ಣೆಮ್ಮ ಸೆರಗನ್ನು ಮಗಳ ಗಾಯಕ್ಕೆ ಒತ್ತಿ ಹಿಡಿದಳು.

ಶಾಮೀದಸಾಬ ಬಂಡಿ ಹೂಡಿದ. ಮಸ್ಕಿಯಲ್ಲಿ ಡಾಕ್ಟರು ಸಿಕ್ಕದಿದ್ದರೆ ಲಿಂಗಸುಗೂರಿಗೆ ಹೋಗುವುದೆಂದು ಹೊರಟರು. ಮಸ್ಕಿಯ ಗುಡ್ಡ ಕಣ್ಣಿಗೆ ಬೀಳುವ ಹೊತ್ತಿಗೆ ಮಗುವಿನ ಉಸಿರು ನಿಂತಿತು. ಬಂಡಿ ತಿರುಗಿತು.

ದಾರಿಯಲ್ಲಿ ಶಾಮೀದಸಾಬ ಎತ್ತುಗಳನ್ನು ನೀರಿಗೆ ಬಿಟ್ಟಾಗ ಅಮರಗುಂಡಪ್ಪ ಮೆಲ್ಲಗೆ ಹೇಳಿದ: “ಪೊಲೀಸ್ ಠಾಣೆದ ಅಮೀನಸಾಹೇಬ ಬರತಾನ. ಹುಡುಗ ಆಡಾಕ ಹೋಗಿ ಹಾರಿಸಿದ ಅಂತ ಇದ್ದದ್ದು ಇದ್ದಂಗ ಹೇಳೋಣು. ಅಂವ ಸಣ್ಣಾಂವ, ಕಾಯಿದೆ ಅವನಿಗೇನೂ ಮಾಡಂಗಿಲ್ಲ. ನಾ ಜೇಲಿಗೆ ಹೋದ್ರ ಹೊಲ ಯಾರು ನೋಡತಾರ? ನಿಮ್ಮನ್ನ ಯಾರು ಕಾಯತಾರ?”

ಮಗಳ ಕಾಲಿಗೆ ಸೆರಗು ಹೊದಿಸುತ್ತಿದ್ದ ಬಸವಣ್ಣೆಮ್ಮ ತಲೆ ಎತ್ತಲಿಲ್ಲ.

“ಕಾಯಿದೆ ಬಿಡತೈತಿ. ಊರು ಬಿಡತೈತೇನ್ರಿ? ನಾಳಿ ಸಾಲ್ಯಾಗ ಜಗಳ ಆದ್ರ, ಹತ್ತು ವರ್ಷಕ್ಕ ಕನ್ಯಾ ನೋಡಾಕ ಹೋದ್ರ, ತಂಗೀನ ಕೊಂದಾಂವ ಅಂತಾರ. ಅಂವ ಮುದುಕ ಆಗಿ ಸಾಯೂತನಕ ಅಂತಾರ.”

“ಮತ್ತ ನನ್ನ ಕೈಯಾಗ ಹಾರಿತು ಅಂತ ನಾ ಸುಳ್ಳು ಹೇಳಬೇಕೇನು?”

“ಅದರಾಗ ಸುಳ್ಳು ಎಷ್ಟೈತಿ, ನೀವ ಹೇಳ್ರಿ.”

ಅಷ್ಟರಲ್ಲಿ ಶಾಮೀದಸಾಬ ಎತ್ತುಗಳನ್ನು ತಂದು ಬಂಡಿಗೆ ಹೂಡಿದ.

ಮರುದಿನ ಬೆಳಿಗ್ಗೆ ಸಿಂಧನೂರಿನಿಂದ ಅಮೀನ ಬರುವ ಸುದ್ದಿ ಬಂತು. ಮರಿಸ್ವಾಮಿ ಹಿಂದಿನ ದಿನದಿಂದ ನೀರೂ ಕುಡಿದಿರಲಿಲ್ಲ, ಅತ್ತಿರಲೂ ಇಲ್ಲ. ಕೊಟ್ಟಿಗೆಯಲ್ಲಿ ಗೋದಲಿಗೆ ಒರಗಿ ಕೂತಿದ್ದವನನ್ನು ಅಪ್ಪ ಹುಡುಕಿಕೊಂಡು ಹೋದ. ಅಮೀನನ ಮುಂದೆ ಹೇಗೆ ಹೇಳಬೇಕೆಂದು ಕಲಿಸಲು ಹೋಗಿದ್ದಾನೆಂದು ತಿಳಿದು ಬಸವಣ್ಣೆಮ್ಮ ಹಿಂದೆಯೇ ಹೋಗಿ ಬಾಗಿಲ ಬಳಿ ನಿಂತಳು.

ಹುಡುಗನೇ ಮೊದಲು ಕೇಳಿದ. “ಅಪ್ಪಾ, ಅದರ ನೆಗಡಿ ಯಾವಾಗ ಹೋಗಿತ್ತು?”

ಅಮರಗುಂಡಪ್ಪ ಅಲ್ಲೇ ಸಗಣಿಯ ನೆಲದ ಮೇಲೆ ಮಗನ ಪಕ್ಕ ಕೂತ. “ನನಗೂ ಗೊತ್ತಾಗಲಿಲ್ಲಪಾ,” ಎಂದ. “ಗೊತ್ತು ಮಾಡಿಕೋಬೇಕಾಗಿತ್ತು ನಾ.” ಆಮೇಲೆ ಹೆಂಡತಿಯ ಕಡೆ ನೋಡಿ, “ಇಂವನ್ನ ಜೈನಾಬೀ ಮನಿಗೆ ಕಳಸು. ಅಮೀನ ಹೋಗೂತನಕ ಕರೀಬ್ಯಾಡ,” ಎಂದ.

ಪಂಚರು ಕಟ್ಟೆಯ ಮೇಲೆ ಕೂತರು. ಅಮೀನ ಬಂದೂಕನ್ನು ತಿರುವಿ ನೋಡಿ ಕೇಳಿದ: “ಯಾರ ಕೈಯಾಗ ಇತ್ತು?”

“ಮದ್ದು ತುಂಬಿದಾಂವ ನಾ, ಸಾಹೇಬ. ಕೇಪು ಹಾಕಿದಾಂವ ನಾ. ನನ್ನ ಕೈಯಾಗ ಹಾರಿತು.”

“ಲೈಸನ್ಸ್?”

“ಇಲ್ರಿ.”

ಪಂಚನಾಮೆ ಮುಗಿಯಿತು. ಮಗಳನ್ನು ಮಣ್ಣು ಮಾಡುವವರೆಗೆ ಅಮೀನ ಕಾದುನಿಂತ. ಅಪ್ಪ ಮೂರು ಹಿಡಿ ಮಣ್ಣು ಹಾಕಿ, ಕೈ ಒರಸಿಕೊಳ್ಳದೆ ಪೊಲೀಸರ ಹಿಂದೆ ನಡೆದ. ಊರ ಅಗಸಿಬಾಗಿಲ ಹತ್ತಿರ ಶಾಮೀದಸಾಬ ಓಡಿ ಬಂದು, ತನ್ನ ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಿಟ್ಟಿದ್ದ ಬಂದೂಕನ್ನು ಅಮೀನನ ಮುಂದೆ ಇಟ್ಟ. “ಇದನ್ನೂ ಒಯ್ಯಿರಿ, ಸಾಹೇಬ. ನಮ್ಮ ಮನ್ಯಾಗೂ ಮಕ್ಕಳದಾವು.”

ಮೂರನೆಯ ದಿನ ಲಿಂಗಸುಗೂರಿನಿಂದ ಬಸವಣ್ಣೆಮ್ಮನ ತಾಯಿ ಸಂಗಮ್ಮ ಬಂದಳು. ಮಗಳನ್ನು ತಬ್ಬಿ ಅತ್ತು, ಅಳು ನಿಂತ ಮೇಲೆ ಅಳಿಯನನ್ನು ಬೈಯತೊಡಗಿದಳು. “ಅವನ ಕೈ ಸೇದಿಹೋಗಲಿ! ಹೆತ್ತ ಮಗಳ ಮ್ಯಾಲೆ ಹಾರಿಸಿದನಲ್ಲ ಹಾಟ್ಯಾ! ಖರೇ ಹೇಳು ನನ್ನ ಮುಂದ, ಕುಡದಿದ್ನೇನು?”

ಬಸವಣ್ಣೆಮ್ಮನ ಗಂಟಲಿಗೆ ಮಾತು ಬಂತು. ತನ್ನ ಗಂಡ ಅಂಥವನಲ್ಲ ಎನ್ನಬೇಕಿತ್ತು. ಬಂದೂಕನ್ನು ಒಲೆಯ ಮೇಲೆ ಹಾಕಿದ್ದು ತಾನು, ಬೆಳಿಗ್ಗೆ ಕಂಡೂ ಬಿಟ್ಟುಹೋದದ್ದು ತಾನು ಎನ್ನಬೇಕಿತ್ತು. ಹೆತ್ತ ತಾಯಿಯ ಮುಂದೆ ಒಮ್ಮೆ ಎಲ್ಲವನ್ನೂ ಸುರಿದು ಹಗುರಾಗುವ ಆಸೆ ಎದೆಯವರೆಗೆ ಉಕ್ಕಿತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಮರಿಸ್ವಾಮಿ ನಿಂತಿರುವುದು ಕಂಡಿತು. ಕೈಯಲ್ಲಿದ್ದ ರೊಟ್ಟಿಯನ್ನು ಬಾಯಿಗೆ ಒಯ್ಯದೆ ಅವನು ಅವಳ ಮುಖವನ್ನೇ ನೋಡುತ್ತಿದ್ದ.

“ಕುಡದಿರಲಿಲ್ಲವ್ವಾ,” ಎಂದಳು. “ಅವರ ಕೈಯಾಗ ಹಾರಿತು. ಅಷ್ಟ.”

ಸಂಗಮ್ಮ ಮತ್ತೆ ಬೈದಳು. ಬಸವಣ್ಣೆಮ್ಮ ಕೇಳುತ್ತ ಕೂತಳು. ಇನ್ನು ಎಷ್ಟು ವರ್ಷ, ಯಾರ ಯಾರ ಬಾಯಿಂದ ಇದನ್ನೇ ಕೇಳಬೇಕೋ. ಕೇಳಿದರಾಯಿತು. ನಡೆದದ್ದನ್ನು ಹೆತ್ತವಳಿಗೂ ಹೇಳುವುದಿಲ್ಲ, ದೇವರ ಮುಂದೆ ಕೂತಾಗಲೂ ಬಾಯಿಬಿಟ್ಟು ಹೇಳುವುದಿಲ್ಲ ಎಂದು ಅವಳು ಆಗಲೇ ನಿಶ್ಚಯಿಸಿಕೊಂಡಳು.